ಹತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ ಮೇಲೆ ಯಾವ ಸ್ನಾತಕೋತ್ತರ ಓದು?

ನಮಸ್ಕಾರ ಮೇಡಂ. ನಿಮ್ಮ ಪ್ರಶ್ನೆಯ ಸಾರ ಇಷ್ಟು: ಮಂಡ್ಯ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಹತ್ತು ವರ್ಷದಿಂದ ಇಂಗ್ಲಿಷ್ ಹೇಳಿಕೊಡುತ್ತಿದ್ದೀರಿ. ಬಿ.ಎ., ಬಿ.ಎಡ್. ಆಗಿದೆ. ಮುಂದೆ ಎಂ.ಎ. ಇಂಗ್ಲಿಷ್ ಓದಬೇಕೋ, ಹೈದರಾಬಾದಿನ ಇಂಗ್ಲಿಷ್ ಬೋಧನೆಯ ಡಿಪ್ಲೊಮಾ ಮಾಡಬೇಕೋ, ಸಹೋದ್ಯೋಗಿಯೊಬ್ಬರು ಹೇಳಿದ ಡೆಲ್ಟಾಗೆ (ಇಂಗ್ಲಿಷ್ ಶಿಕ್ಷಕರಿಗೆ ಕೇಂಬ್ರಿಡ್ಜ್ ಕೊಡುವ ಅರ್ಹತೆ) ಸೇರಬೇಕೋ, ಸಾಲ ಮಾಡಿಯಾದರೂ ಇಂಗ್ಲೆಂಡಿಗೆ ಹೋಗಬೇಕೋ? ಇಂಗ್ಲಿಷ್ ಶಿಕ್ಷಕರ ಮುಂದಿನ ಓದಿಗೆ ಮಾರ್ಗದರ್ಶನ ಮಾಡುವುದು ನನ್ನ ಕೆಲಸ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಿ. ನಮ್ಮ ವ್ಯವಸ್ಥೆಯಲ್ಲಿ ಹುದ್ದೆಗೆ ಬೇಕಾದ ಓದು ಬೇರೆ, ತರಗತಿಗೆ ಬೇಕಾದ ಓದು ಬೇರೆ. ಪಿಯು ಕಾಲೇಜಿಗೆ ಹೋಗಬೇಕೆಂದರೆ ಎಂ.ಎ. ಇಂಗ್ಲಿಷ್ ಬೇಕೇ ಬೇಕು. ನೇರ ನೇಮಕಾತಿಗೆ ಶೇ. 55 ಅಂಕ, ಜೊತೆಗೆ ಬಿ.ಎಡ್. ಕೇಳುತ್ತಾರೆ. ಪದವಿ ಕಾಲೇಜಿನ ಕಡೆ ಕಣ್ಣಿದ್ದರೆ ಅದೇ ಶೇ. 55ರ ಮೇಲೆ ನೆಟ್ ಅಥವಾ ಕೆಸೆಟ್ ಎಂಬ ಅಧ್ಯಾಪಕ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಡೆಲ್ಟಾ ಎಷ್ಟೇ ದೊಡ್ಡ ಅರ್ಹತೆಯಾದರೂ ಅದು ವಿಶ್ವವಿದ್ಯಾಲಯದ ಪದವಿಯಲ್ಲ, ನೇಮಕಾತಿ ಅರ್ಜಿಯಲ್ಲಿ ಎಂ.ಎ. ಜಾಗದಲ್ಲಿ ಅದನ್ನು ತುಂಬಲು ಬರುವುದಿಲ್ಲ. ಇನ್ನೊಂದು ಕಡೆ, ನಮ್ಮ ಎಂ.ಎ. ಇಂಗ್ಲಿಷ್ ಎಂದರೆ ಬಹುಪಾಲು ಸಾಹಿತ್ಯ. ಷೇಕ್ಸ್‌ಪಿಯರ್, ರೊಮ್ಯಾಂಟಿಕ್ ಕವಿಗಳು, ವಿಮರ್ಶಾ ಸಿದ್ಧಾಂತ, ಭಾರತೀಯ ಇಂಗ್ಲಿಷ್ ಬರಹ. ಭಾಷಾ ಬೋಧನೆಗೆ ಒಂದು ಪತ್ರಿಕೆ ಸಿಕ್ಕರೆ ಪುಣ್ಯ. ಒಂಬತ್ತನೇ ತರಗತಿಯ ಹಿಂದಿನ ಬೆಂಚಿನ ಹುಡುಗ ಯಾಕೆ ಬಾಯಿ ಬಿಡುತ್ತಿಲ್ಲ ಎಂಬುದಕ್ಕೆ ಅಲ್ಲಿ ಉತ್ತರ ಹುಡುಕಬೇಡಿ. ಅದನ್ನು ಓದಿ ನಿರಾಶರಾಗುವವರು ಬಹಳ ಜನ. ಪಠ್ಯಕ್ರಮವನ್ನು ಮೊದಲೇ ಇಳಿಸಿಕೊಂಡು ನೋಡಿದ್ದರೆ ಆ ನಿರಾಶೆ ಇರುತ್ತಿರಲಿಲ್ಲ.

ಎಂ.ಎ. ಮಾಡುವುದಾದರೆ ನಿಮಗೆ ಹತ್ತಿರದ ದಾರಿ ಮೈಸೂರಿನ ಮುಕ್ತ ವಿವಿ. ಮಾನಸಗಂಗೋತ್ರಿಯ ಇಂಗ್ಲಿಷ್ ವಿಭಾಗದ ರೆಗ್ಯುಲರ್ ಎಂ.ಎ. ಒಳ್ಳೆಯದು, ಆದರೆ ದಿನಾ ತರಗತಿಗೆ ಕೂರಬೇಕು, ಎರಡು ವರ್ಷ ರಜೆ ಇಲ್ಲದೆ ಆಗದು. ದೂರಶಿಕ್ಷಣದಲ್ಲಿ ಎಚ್ಚರ ವಹಿಸಬೇಕಾದ್ದು ಮಾನ್ಯತೆಯ ವಿಷಯ. ಮುಕ್ತ ವಿವಿಗೆ 2013-14ರಿಂದ ಕೆಲವು ವರ್ಷ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆ ಇರಲಿಲ್ಲ, 2018-19ರಲ್ಲಿ ಮತ್ತೆ ಸಿಕ್ಕಿತು. ಯಾವ ವಿಶ್ವವಿದ್ಯಾಲಯವೇ ಆಗಲಿ, ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ಬ್ಯೂರೋ ಪಟ್ಟಿಯಲ್ಲಿ ನೋಡಿ, ಆ ಪುಟದ ಪ್ರಿಂಟ್ ತೆಗೆದು ಫೈಲಿಗೆ ಹಾಕಿಡಿ. ಈಗ ಪ್ರವೇಶಕ್ಕೆ ಡೆಬ್ ಐಡಿ, ಅಂದರೆ ದೂರಶಿಕ್ಷಣ ವಿದ್ಯಾರ್ಥಿಯ ಗುರುತಿನ ಸಂಖ್ಯೆ, ಕೂಡ ಬೇಕು, ಅದನ್ನು ಅದೇ ಬ್ಯೂರೋದ ಜಾಲತಾಣದಲ್ಲಿ ನೀವೇ ಮಾಡಿಕೊಳ್ಳಬಹುದು. 2022ರಿಂದ ಒಟ್ಟಿಗೆ ಎರಡು ಕೋರ್ಸ್ ಮಾಡಲು ಯುಜಿಸಿ ಅವಕಾಶ ಕೊಟ್ಟಿದೆ. ಕೆಲಸದಲ್ಲಿದ್ದುಕೊಂಡು ಆ ಸಾಹಸಕ್ಕೆ ಕೈ ಹಾಕಬೇಡಿ ಎಂದೇ ನಾನು ಹೇಳುವುದು.

ಸರ್ಕಾರಿ ನೌಕರರಾದ್ದರಿಂದ ಇನ್ನೊಂದು ಮಾತು. ಶುಲ್ಕ ಕಟ್ಟುವುದಕ್ಕೆ ಮುಂಚೆ ಎಚ್‌ಎಂ (ಮುಖ್ಯ ಶಿಕ್ಷಕರು) ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಟ್ಟು ಲಿಖಿತ ಅನುಮತಿ ಪಡೆಯಿರಿ. ಅರ್ಜಿಯಲ್ಲಿ ಕೋರ್ಸಿನ ಹೆಸರು, ವಿಶ್ವವಿದ್ಯಾಲಯ, ಅವಧಿ, ದೂರಶಿಕ್ಷಣವೋ ರೆಗ್ಯುಲರೋ ಎಂಬುದು ಸ್ಪಷ್ಟವಾಗಿರಲಿ. ಸ್ವೀಕೃತಿ ಮುದ್ರೆ ಹಾಕಿಸಿದ ಪ್ರತಿ ನಿಮ್ಮ ಬಳಿ ಇರಲಿ. ಅನುಮತಿ ಇಲ್ಲದೆ ಓದಿ ಮುಗಿಸಿದವರು ಆಮೇಲೆ ಸೇವಾ ಪುಸ್ತಕದಲ್ಲಿ ಪದವಿ ನಮೂದಿಸಲು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ಇನ್ನು ತರಗತಿಗೆ ಬೇಕಾದ ಓದು. ಹೈದರಾಬಾದಿನ ಇಫ್ಲು (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ) 1958ರಲ್ಲಿ ಇಂಗ್ಲಿಷ್ ಶಿಕ್ಷಕರ ತರಬೇತಿಗೆಂದೇ ಶುರುವಾದ ಸಂಸ್ಥೆ, 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಅಲ್ಲಿ ದೂರಶಿಕ್ಷಣದಲ್ಲಿ ಮೊದಲು ಪಿಜಿಸಿಟಿಇ ಎಂಬ ಇಂಗ್ಲಿಷ್ ಬೋಧನೆಯ ಸ್ನಾತಕೋತ್ತರ ಸರ್ಟಿಫಿಕೇಟ್, ಅದು ಮುಗಿದ ಮೇಲೆ ಪಿಜಿಡಿಟಿಇ ಎಂಬ ಡಿಪ್ಲೊಮಾ. ಧ್ವನಿಶಾಸ್ತ್ರ, ವ್ಯಾಕರಣ, ಬೋಧನಾ ವಿಧಾನ, ಪಠ್ಯ ಸಾಮಗ್ರಿ ತಯಾರಿ, ಹೀಗೆ ಎಲ್ಲವೂ ನಿಮ್ಮ ಕೆಲಸಕ್ಕೆ ನೇರವಾಗಿ ಸಂಬಂಧಪಟ್ಟದ್ದು. ಸಂಪರ್ಕ ತರಗತಿಗೆ ರಜೆ ಹೊಂದಿಸಿಕೊಳ್ಳಬೇಕು. ಪ್ರವೇಶದ ಅರ್ಹತೆಯನ್ನು ಆ ವರ್ಷದ ಪ್ರಾಸ್ಪೆಕ್ಟಸ್‌ನಲ್ಲೇ ನೋಡಿಕೊಳ್ಳಿ. ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಮೂವತ್ತು ದಿನದ ತರಬೇತಿಗೆ ಇಲಾಖೆಯೇ ನಿಯೋಜಿಸುತ್ತದೆ. ಅದು ಸ್ನಾತಕೋತ್ತರ ಓದಲ್ಲ, ಆದರೂ ಇನ್ನೂ ಹೋಗಿಲ್ಲವಾದರೆ ಹೆಸರು ಕೊಡಿ. ಮುಂದಿನ ಓದಿಗೆ ಅದು ಒಳ್ಳೆಯ ತಳಪಾಯ.

ಡೆಲ್ಟಾ ಬಗ್ಗೆ ಹೆಚ್ಚು ಹೇಳಬೇಕು, ಯಾಕೆಂದರೆ ಅದು ಅನುಭವಸ್ಥರಿಗೆಂದೇ ರೂಪಿಸಿದ್ದು. ಕೇಂಬ್ರಿಡ್ಜ್ ಕೊಡುವ ಈ ಅರ್ಹತೆಯಲ್ಲಿ ಮೂರು ಮಾಡ್ಯೂಲ್. ಯಾವ ಕ್ರಮದಲ್ಲಾದರೂ ಮಾಡಬಹುದು, ಒಂದೊಂದಕ್ಕೂ ಪ್ರತ್ಯೇಕ ಪ್ರಮಾಣಪತ್ರ. ಮೊದಲನೆಯದು ಲಿಖಿತ ಪರೀಕ್ಷೆ, ತಲಾ ಒಂದೂವರೆ ಗಂಟೆಯ ಎರಡು ಪತ್ರಿಕೆ, ಜೂನ್ ಮತ್ತು ಡಿಸೆಂಬರ್‌ನಲ್ಲಿ. ಎರಡನೆಯದು ಬೋಧನೆ: ನಾಲ್ಕು ಪಾಠಗಳನ್ನು ಮೌಲ್ಯಮಾಪಕರು ಕೂತು ನೋಡುತ್ತಾರೆ, ಕೊನೆಯದಕ್ಕೆ ಹೊರಗಿನವರು ಬರುತ್ತಾರೆ. ಪ್ರತಿ ಪಾಠಕ್ಕೂ ಮುಂಚೆ 2,000ದಿಂದ 2,500 ಪದಗಳ ಹಿನ್ನೆಲೆ ಪ್ರಬಂಧ. ಮೂರನೆಯದು 4,000ದಿಂದ 4,500 ಪದಗಳ ದೀರ್ಘ ಬರಹ. ಅದಕ್ಕೆ ಒಂದು ವಿಶೇಷ ಕ್ಷೇತ್ರ ಆರಿಸಿಕೊಳ್ಳಬೇಕು. ಒಂದೇ ಮಾತೃಭಾಷೆಯ ಮಕ್ಕಳಿರುವ ತರಗತಿಯೂ ಆ ಪಟ್ಟಿಯಲ್ಲಿದೆ, ನಿಮಗೆ ಹೇಳಿ ಮಾಡಿಸಿದ ಹಾಗೆ.

ಮಂಡ್ಯದಲ್ಲಿ ಕೂತು ಮಾಡುವವರು ಮೊದಲನೆಯ ಮಾಡ್ಯೂಲ್‌ನಿಂದ ಶುರು ಮಾಡುವುದು ಜಾಣತನ. ಓದು ಮನೆಯಲ್ಲೇ ನಡೆಯುತ್ತದೆ, ಖರ್ಚೂ ಕಡಿಮೆ. ಎರಡನೆಯದಕ್ಕೆ ನೋಂದಾಯಿಸುವ ಮೊದಲು ಯಾವ ವಯಸ್ಸಿನ, ಎಷ್ಟು ಮಕ್ಕಳಿರುವ ತರಗತಿಯನ್ನು ಒಪ್ಪುತ್ತಾರೆ, ಪಾಠ ನೋಡಲು ಯಾರು ಬರುತ್ತಾರೆ, ಅವರ ಪ್ರಯಾಣದ ಖರ್ಚು ಯಾರದು, ಇವನ್ನೆಲ್ಲ ಡೆಲ್ಟಾ ನಡೆಸುವ ಕೇಂದ್ರಕ್ಕೆ ಇಮೇಲ್ ಮಾಡಿ ಉತ್ತರ ತರಿಸಿಕೊಳ್ಳಿ.

ಪರೀಕ್ಷೆಯಲ್ಲಿ ಅನುಭವಸ್ಥರು ಎಡವುವುದು ಹೇಗೆಂದು ಒಂದು ಉದಾಹರಣೆಯಲ್ಲಿ ತೋರಿಸುತ್ತೇನೆ. ಕಲಿಯುವವರ ಬರಹ ಕೊಟ್ಟು ವಿಶ್ಲೇಷಿಸಿ ಎನ್ನುತ್ತಾರೆ. ಅದರಲ್ಲಿ 'ಐ ಹ್ಯಾವ್ ಸೀನ್ ಹಿಮ್ ಎಸ್ಟರ್‌ಡೇ' ಎಂಬ ವಾಕ್ಯ ಇದೆ ಎನ್ನಿ. ಹತ್ತು ವರ್ಷ ಪಾಠ ಮಾಡಿದವರು 'ಟೆನ್ಸ್ ತಪ್ಪು' ಎಂದು ಬರೆದು ಮುಂದೆ ಹೋಗುತ್ತಾರೆ. ಅಂಕ ಇರುವುದು ಅದರ ಆಚೆಗೆ. ಕ್ರಿಯಾಪದದ ರೂಪ ಸರಿಯಾಗಿದೆ, ಸಹಾಯಕ ಕ್ರಿಯಾಪದವೂ ಪಾಸ್ಟ್ ಪಾರ್ಟಿಸಿಪಲ್ಲೂ ಸರಿ. ತಪ್ಪಿರುವುದು ಮುಗಿದುಹೋದ ಕಾಲವನ್ನು ಹೇಳುವ ಪದದ ಜೊತೆ ಪ್ರೆಸೆಂಟ್ ಪರ್ಫೆಕ್ಟ್ ಬಳಸಿದ್ದರಲ್ಲಿ. ಕಾರಣ ಕನ್ನಡದಲ್ಲೇ ಇದೆ, 'ನಿನ್ನೆ ಅವನನ್ನು ನೋಡಿದ್ದೇನೆ' ಎಂದರೆ ನಮಗೆ ಯಾವ ತೊಡಕೂ ಇಲ್ಲ. ಅರ್ಥ ಕೆಡಲಿಲ್ಲ, ಹಾಗಾಗಿ ತಿದ್ದುವ ಆದ್ಯತೆಯೂ ಕೆಳಗೆ. ಉಚ್ಚಾರಣೆಯದೂ ಹೀಗೆಯೇ. ನಮ್ಮ ಮಕ್ಕಳು 'ಎಗ್' ಅನ್ನು 'ಯೆಗ್' ಎಂದೂ, 'ಓನ್ಲಿ'ಯನ್ನು 'ವೋನ್ಲಿ' ಎಂದೂ, 'ಬಸ್' ಅನ್ನು 'ಬಸ್ಸು' ಎಂದೂ ಹೇಳುವುದನ್ನು ನೀವು ದಿನಾ ಕೇಳುತ್ತೀರಿ. ಕನ್ನಡದಲ್ಲಿ ಪದದ ಆರಂಭದ ಎ, ಒ ಸ್ವರಗಳಿಗೆ ಯ, ವ ಕಾರಗಳು ಸೇರಿಕೊಳ್ಳುತ್ತವೆ, ಪದಗಳು ಸಾಮಾನ್ಯವಾಗಿ ಸ್ವರದಲ್ಲೇ ಮುಗಿಯುತ್ತವೆ. ಯಾವ ಧ್ವನಿ, ಪದದ ಯಾವ ಸ್ಥಾನದಲ್ಲಿ, ಯಾವ ಕಾರಣಕ್ಕೆ, ಕೇಳುವವರಿಗೆ ಅರ್ಥವಾಗಲು ಅಡ್ಡಿಯೋ ಅಲ್ಲವೋ, ಈ ನಾಲ್ಕನ್ನೂ ಧ್ವನಿ ಸಂಕೇತಗಳ ಸಮೇತ ಬರೆಯಬೇಕು. ನಿಮ್ಮ ಕಿವಿಗೆ ಈಗಾಗಲೇ ಗೊತ್ತಿರುವುದನ್ನು ಶಾಸ್ತ್ರದ ಭಾಷೆಯಲ್ಲಿ ಹೇಳುವ ಅಭ್ಯಾಸ ಅದು. ಧ್ವನಿ ಸಂಕೇತಗಳನ್ನು ಕಲಿಯಲು ದಿನಕ್ಕೆ ಹದಿನೈದು ನಿಮಿಷ ಇಟ್ಟರೆ ಎರಡು ತಿಂಗಳಲ್ಲಿ ಕೈಗೆ ಹತ್ತುತ್ತದೆ, ಪರೀಕ್ಷೆಯ ಹಿಂದಿನ ವಾರಕ್ಕೆ ಬಿಟ್ಟರೆ ಹತ್ತುವುದಿಲ್ಲ.

ಹಿನ್ನೆಲೆ ಪ್ರಬಂಧದಲ್ಲಿ ಕೆಡುವುದು ವಿಷಯದ ವಿಸ್ತಾರದಿಂದ. 'ಓದುವ ಕೌಶಲ' ಎಂದು ಶೀರ್ಷಿಕೆ ಇಟ್ಟರೆ 2,500 ಪದದಲ್ಲಿ ಮೇಲೆ ಮೇಲೆ ತೇಲಿಕೊಂಡು ಹೋಗುತ್ತೀರಿ. 'ಪ್ರಾರಂಭಿಕ ಹಂತದ ಮಕ್ಕಳು ಗೊತ್ತಿಲ್ಲದ ಪದದ ಅರ್ಥವನ್ನು ಸಂದರ್ಭದಿಂದ ಊಹಿಸುವುದು' ಎಂದು ಕಿರಿದು ಮಾಡಿದರೆ ಹಿಡಿತ ಸಿಗುತ್ತದೆ. ಪ್ರಬಂಧದಲ್ಲಿ ಹೇಳಿದ ಸಮಸ್ಯೆಗೂ ಪಾಠದಲ್ಲಿ ಮಾಡುವ ಚಟುವಟಿಕೆಗೂ ನೇರ ಸಂಬಂಧ ಇರಬೇಕು. ಪ್ರಬಂಧ ಒಂದು ಕಡೆ, ಪಾಠ ಇನ್ನೊಂದು ಕಡೆ ಹೋದರೆ ಎರಡೂ ಚೆನ್ನಾಗಿದ್ದರೂ ಅಂಕ ಸಿಗುವುದಿಲ್ಲ.

ನೀವು ಯಾವ ಕೋರ್ಸ್ ಆರಿಸಿದರೂ ಕೊನೆಗೆ ನಿಮ್ಮ ತರಗತಿಯ ಬಗ್ಗೆಯೇ ಒಂದು ಸಣ್ಣ ಸಂಶೋಧನೆ ಬರೆಯುವ ಪ್ರಸಂಗ ಬಹುಮಟ್ಟಿಗೆ ಬಂದೇ ಬರುತ್ತದೆ. ಹತ್ತು ವರ್ಷದ ಅನುಭವ ನಿಜಕ್ಕೂ ಬೆಲೆ ಬಾಳುವುದು ಇಲ್ಲಿ. ಆದರೆ 'ಗ್ರಾಮೀಣ ಮಕ್ಕಳ ಇಂಗ್ಲಿಷ್ ಸಮಸ್ಯೆಗಳು' ಎಂಬ ಶೀರ್ಷಿಕೆಯನ್ನು ದಯವಿಟ್ಟು ಇಡಬೇಡಿ. ಅದಕ್ಕೆ ಆರಂಭವೂ ಇಲ್ಲ, ಕೊನೆಯೂ ಇಲ್ಲ. ಬದಲಿಗೆ ಹೀಗೆ ಕೇಳಿ: ಒಂಬತ್ತನೇ ತರಗತಿಯ ಮಕ್ಕಳಿಗೆ ಚಿತ್ರ ನೋಡಿ ಕತೆ ಹೇಳುವ ಮುಂಚೆ ಮೂರು ನಿಮಿಷ ಯೋಚಿಸಲು ಕೊಟ್ಟರೆ ಅವರ ಮಾತಿನ ಉದ್ದ ಬದಲಾಗುತ್ತದೆಯೇ? ಎಂಟು ಮಕ್ಕಳನ್ನು ಆರಿಸಿ, ಚೆನ್ನಾಗಿ ಓದುವವರು, ಮಧ್ಯಮ, ಹಿಂದುಳಿದವರು, ಮೂರೂ ಬಗೆಯವರು ಅದರಲ್ಲಿರಲಿ. ಒಂದು ಸಲ ಸಮಯ ಕೊಡದೆ, ಒಂದು ಸಲ ಕೊಟ್ಟು, ಬೇರೆ ಬೇರೆ ಆದರೆ ಅಷ್ಟೇ ಕಷ್ಟದ ಚಿತ್ರಗಳಿಂದ ಹೇಳಿಸಿ. ಅರ್ಧ ಮಕ್ಕಳಿಗೆ ಕ್ರಮ ತಿರುವುಮುರುವು ಮಾಡಿ, ಇಲ್ಲದಿದ್ದರೆ ಎರಡನೇ ಸಲದ ಸುಧಾರಣೆ ಬರೀ ಅಭ್ಯಾಸದಿಂದ ಬಂದದ್ದೋ ಏನೋ ಎಂಬ ಪ್ರಶ್ನೆಗೆ ನಿಮ್ಮಲ್ಲಿ ಉತ್ತರ ಇರುವುದಿಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಬರೆದಿಳಿಸಿ. ಪದಗಳ ಸಂಖ್ಯೆ, ಎರಡು ಸೆಕೆಂಡ್ ಮೀರಿದ ಮೌನ, ನಡುವೆ ಬಂದ ಕನ್ನಡ ಪದ, ಇವಿಷ್ಟನ್ನು ಎಣಿಸಿದರೆ ಸಾಕು. ಒಂದು ನಿಮಿಷದ ಮಾತನ್ನು ಸರಿಯಾಗಿ ಬರೆದಿಳಿಸಲು ಹತ್ತು ನಿಮಿಷ ಹಿಡಿಯುತ್ತದೆ, ಆ ಲೆಕ್ಕದಲ್ಲೇ ಸಮಯ ಇಟ್ಟುಕೊಳ್ಳಿ. ರೆಕಾರ್ಡ್ ಮಾಡುವ ಮೊದಲು ಎಚ್‌ಎಂ ಅವರ ಅನುಮತಿ, ಪೋಷಕರ ಸಹಿ ಇರುವ ಕನ್ನಡದ ಒಪ್ಪಿಗೆ ಪತ್ರ ಪಡೆಯಿರಿ. ಆಮೇಲೆ ತರುತ್ತೇನೆ ಎಂದರೆ ಹಲವು ವಿಶ್ವವಿದ್ಯಾಲಯಗಳು ಆ ದತ್ತಾಂಶವನ್ನೇ ಒಪ್ಪುವುದಿಲ್ಲ. ಓದಲು ಬೇಕಾದ ಪುಸ್ತಕಗಳಿಗೆ ಮಾನಸಗಂಗೋತ್ರಿಯ ಭಾರತೀಯ ಭಾಷಾ ಸಂಸ್ಥಾನದ ಗ್ರಂಥಾಲಯ ಇದೆ. ಭಾಷಾವಿಜ್ಞಾನ ಮತ್ತು ಭಾಷಾ ಪರೀಕ್ಷೆಯ ವಿಷಯದಲ್ಲಿ ಅದು ದೊಡ್ಡ ಆಸ್ತಿ. ಹೊರಗಿನವರಿಗೆ ಪ್ರವೇಶದ ನಿಯಮ ಕೇಳಿಕೊಂಡು ಮಂಡ್ಯದಿಂದ ಬೆಳಗಿನ ರೈಲು ಹಿಡಿದರೆ ಒಂದು ದಿನದ ಕೆಲಸ ಆರಾಮವಾಗಿ ಆಗುತ್ತದೆ.

ಇಂಗ್ಲೆಂಡಿನ ಎಂ.ಎ. ಟೆಸಾಲ್ (ಬೇರೆ ಮಾತೃಭಾಷೆಯವರಿಗೆ ಇಂಗ್ಲಿಷ್ ಕಲಿಸುವ ಕುರಿತ ಪದವಿ) ಒಂದು ವರ್ಷದ್ದು, 180 ಕ್ರೆಡಿಟ್. ಕೆಲವು ವಿಶ್ವವಿದ್ಯಾಲಯಗಳು ಅನುಭವಸ್ಥರಿಗೇ ಬೇರೆ ಕೋರ್ಸ್ ಇಟ್ಟಿವೆ, ಎರಡು ವರ್ಷದ ಬೋಧನೆ ಕೇಳುತ್ತವೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ 6.5 ಅಥವಾ 7 ಕೇಳುತ್ತಾರೆ. ಬೋಧನಾ ಶುಲ್ಕವೇ ಇಪ್ಪತ್ತು ಲಕ್ಷ ದಾಟುವುದುಂಟು. 2024ರ ಜನವರಿಯಿಂದ ಇಂಥ ಕೋರ್ಸಿಗೆ ಹೋಗುವವರು ಗಂಡ, ಮಕ್ಕಳನ್ನು ಜೊತೆಗೆ ಕರೆದೊಯ್ಯುವಂತಿಲ್ಲ, ನಿಮ್ಮಂಥ ಸಂಸಾರಸ್ಥರಿಗೆ ಇದು ಮುಖ್ಯ. 2022ರ ಭಾರತ-ಬ್ರಿಟನ್ ಒಪ್ಪಂದದಿಂದ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಇಲ್ಲಿ ಮಾನ್ಯತೆಯ ದಾರಿ ಆಗಿದೆ. ಆದರೂ ಟೆಸಾಲ್ ಪದವಿಯನ್ನು ಪಿಯು ಹುದ್ದೆಗೆ 'ಎಂ.ಎ. ಇಂಗ್ಲಿಷ್' ಎಂದು ಪರಿಗಣಿಸುತ್ತಾರೆಯೇ ಎಂಬುದು ಬೇರೆ ಪ್ರಶ್ನೆ, ಅದನ್ನು ಇಲಾಖೆಯಿಂದ ಬರಹದಲ್ಲೇ ಪಡೆಯಬೇಕು. ಸಾಲ ಮಾಡಿ ಹೋಗಬೇಡಿ ಎಂಬುದೇ ನನ್ನ ಸಲಹೆ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ 2,800 ಗಂಟೆಗಳ ಕೆಲಸದ ಅನುಭವ ಬೇಕು, ನಿಮಗೆ ಅದು ಯಾವತ್ತೋ ದಾಟಿದೆ. ಮುಗಿಸಿ ಬಂದು ಎರಡು ವರ್ಷ ತಾಯ್ನಾಡಿನಲ್ಲಿರಬೇಕೆಂಬ ಷರತ್ತೂ ನಿಮಗೆ ಹೊರೆಯಲ್ಲ. ಅರ್ಜಿಯಲ್ಲಿ 'ಬೋಧನೆ ನನ್ನ ಉಸಿರು' ಎಂಬಂಥ ಮಾತು ಬೇಡ. ಎಷ್ಟು ಮಕ್ಕಳು, ಯಾವ ಮಟ್ಟ, ನೀವು ಏನು ಬದಲಿಸಿದಿರಿ, ಫಲ ಏನಾಯಿತು, ಬೇರೆ ಶಿಕ್ಷಕರಿಗೆ ಏನು ಹೇಳಿಕೊಟ್ಟಿರಿ, ಇದನ್ನು ಬರೆಯಿರಿ.

ನಿಮ್ಮ ಜಾಗದಲ್ಲಿ ನಾನು ಸೂಚಿಸುವ ಕ್ರಮ ಇದು: ಪಿಯು ಕಡೆ ಹೋಗುವ ಮನಸ್ಸಿದ್ದರೆ ಮೊದಲು ದೂರಶಿಕ್ಷಣದ ಎಂ.ಎ., ಆಮೇಲೆ ಇಫ್ಲು. ಪ್ರೌಢಶಾಲೆಯಲ್ಲೇ ಇರುವ ಮನಸ್ಸಿದ್ದು, ಅರ್ಹತೆ ಹೊಂದಿದರೆ ನೇರವಾಗಿ ಇಫ್ಲು. ಕೈಯಲ್ಲಿ ಹಣ ಇದ್ದರೆ ಡೆಲ್ಟಾದ ಮೊದಲ ಮಾಡ್ಯೂಲ್, ಅದೂ ಇಫ್ಲು ಜೊತೆಗಲ್ಲ, ಅದು ಮುಗಿದ ನಂತರ. ಬಿ.ಎ.ಯಲ್ಲಿ ನಿಮಗೆ ಐಚ್ಛಿಕ ಇಂಗ್ಲಿಷ್ ಇತ್ತೋ ಇಲ್ಲವೋ ನೀವು ಬರೆದಿಲ್ಲ. ಕೆಲವು ಕಡೆ ಎಂ.ಎ. ಪ್ರವೇಶಕ್ಕೆ ಅದನ್ನೇ ಕೇಳುತ್ತಾರೆ, ಕೆಲವು ಕಡೆ ಭಾಷಾ ಪತ್ರಿಕೆಯ ಅಂಕ ನೋಡುತ್ತಾರೆ. ಮೂರೂ ವರ್ಷದ ಅಂಕಪಟ್ಟಿ ಎದುರಿಗಿಟ್ಟುಕೊಂಡು ಮೊದಲು ಆ ಷರತ್ತನ್ನು ಪ್ರಾಸ್ಪೆಕ್ಟಸ್‌ನಲ್ಲಿ ಹುಡುಕಿ, ಆಮೇಲೆ ಬಿಇಒ ಕಚೇರಿಯ ಅರ್ಜಿ ಬರೆಯಿರಿ.