ಸೀಸನ್ನಿಗೆ ಮೊದಲೇ ಜಗಳ

ಪ್ರಶ್ನೆ: ಇಂಗ್ಲೆಂಡಿನ ಫುಟ್‌ಬಾಲ್ ತಂಡಗಳಲ್ಲಿ ನಾನು ಆರ್ಸೆನಲ್ ಅಭಿಮಾನಿ, ತಮ್ಮ ಚೆಲ್ಸಿ ಕಡೆ. ಅಭ್ಯಾಸ ಪಂದ್ಯ ಗೆದ್ದಿದ್ದಕ್ಕೇ ಅವನು ಕಪ್ ಎತ್ತಿದವರ ಹಾಗೆ ಆಡುತ್ತಾನೆ. ಅದನ್ನು ನಂಬಬಹುದೇ ಸಾರ್?

ಉತ್ತರ: ನಂಬಬೇಡಿ. ಅಲ್ಲಿ ಅರ್ಧ ಆಟ ಮುಗಿದ ಮೇಲೆ ಎಷ್ಟೋ ಸಲ ಇಡೀ ತಂಡವನ್ನೇ ಬದಲಿಸುತ್ತಾರೆ. ಕೋಚ್ ನೋಡುವುದು ಆಟಗಾರರ ದಮ್ಮು, ಸ್ಕೋರಲ್ಲ. ಹಿಂದಿನ ವರ್ಷದ ಸ್ಥಾನವೂ ಗೆಲುವಿನ ಖಾತ್ರಿಯಲ್ಲ: ಪ್ರೀಮಿಯರ್ ಲೀಗ್ ಎಂಬ ಅಲ್ಲಿನ ಅಗ್ರ ಲೀಗಿನಲ್ಲಿ 2014-15ರಲ್ಲಿ ಲೆಸ್ಟರ್ ತಂಡ 14ನೇ ಸ್ಥಾನದಲ್ಲಿತ್ತು; ಮರುವರ್ಷ ಲೀಗನ್ನೇ ಗೆದ್ದಿತು. ಹಿಂದಿನ ವರ್ಷದ ಚಾಂಪಿಯನ್ ಚೆಲ್ಸಿ ಆಗ 10ನೆಯದು! (ಆ ಸಲವೂ ಚೆಲ್ಸಿಯೇ ಎಂದು ಮೀಸೆ ತಿರುವಿದವನು ನಾನು, ಸ್ನೇಹಿತರು ಈಗಲೂ ಆಡಿಕೊಳ್ಳುತ್ತಾರೆ.) ನಿಮ್ಮ ಆರ್ಸೆನಲ್ ಕೂಡ 2023ರಿಂದ 2025ರವರೆಗೆ ಸತತ ಮೂರು ಸಲ ಎರಡನೆಯದಾಯಿತಲ್ಲ. ನಾನಾದರೆ ಮೊದಲು ಬೆಂಚು, ಅಂದರೆ ಬದಲಿ ಆಟಗಾರರನ್ನು ನೋಡುತ್ತೇನೆ: ಡಿಸೆಂಬರಿನಲ್ಲಿ ಪಂದ್ಯದ ಮೇಲೆ ಪಂದ್ಯ ಬಂದಾಗ ಕಣಕ್ಕಿಳಿಸಲು ಯಾರಿದ್ದಾರೆ? ತಮ್ಮನನ್ನೂ ಇದನ್ನೇ ಕೇಳಿ.