ಥೈರಾಯ್ಡ್ ಮಾತ್ರೆ ಬಿಟ್ಟಿದ್ದೇನೆ, ಮಗುವಿಗೆ ತೊಂದರೆಯಾಗುತ್ತಾ?

ಪ್ರಶ್ನೆ: ನನಗೀಗ 8 ವಾರ. ಥೈರಾಯ್ಡ್ ಕಡಿಮೆ ಇದೆ ಅಂತ ಎರಡು ವರ್ಷದಿಂದ 50 ಮೈಕ್ರೋಗ್ರಾಂ ಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಬಸುರಿಯರು ಸುಮ್ನೆ ಮಾತ್ರೆ ನುಂಗಬಾರದು ಎಂದು ಅತ್ತೆ ಹೇಳಿದ್ದಕ್ಕೆ ಹತ್ತು ದಿನದಿಂದ ಬಿಟ್ಟಿದ್ದೇನೆ. ಈಗ ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಕಡಿಮೆಯಾದಾಗ ಏರುವ ಹಾರ್ಮೋನು) 5.8 ಬಂದಿದೆ. ಮಗುವಿಗೆ ಏನಾದರೂ ಆಗುತ್ತಾ? ಅದಕ್ಕೂ ಥೈರಾಯ್ಡ್ ಬರುತ್ತಾ?

ಉತ್ತರ: ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ನಾಳೆ ಬೆಳಗ್ಗೆಯಿಂದ ಮಾತ್ರೆ ಮತ್ತೆ ಶುರು ಮಾಡಿ. ಉಳಿದದ್ದನ್ನು ಆಮೇಲೆ ಓದಿದರೂ ಆಗುತ್ತದೆ.

ಅತ್ತೆಯವರ ಮಾತು ಬೇರೆ ಎಷ್ಟೋ ಮಾತ್ರೆಗಳಿಗೆ ಸರಿಯೇ. ಆದರೆ ಈ ಮಾತ್ರೆಯಲ್ಲಿರುವುದು ನಿಮ್ಮ ಕುತ್ತಿಗೆಯ ಗ್ರಂಥಿ ಸಾಕಷ್ಟು ಮಾಡಲಾಗದೆ ಕೈಬಿಟ್ಟ ಹಾರ್ಮೋನು, ಅಷ್ಟೇ. ಮಗುವಿನ ಸ್ವಂತ ಥೈರಾಯ್ಡ್ 12 ವಾರದ ಹೊತ್ತಿಗೆ ಕೆಲಸಕ್ಕೆ ಇಳಿದರೂ, ತನಗೆ ಬೇಕಾದಷ್ಟು ಮಾಡಿಕೊಳ್ಳುವ ಹೊತ್ತಿಗೆ ಐದನೇ ತಿಂಗಳು ಬಂದಿರುತ್ತದೆ. ಅಲ್ಲಿಯವರೆಗೆ ಅದರ ಮಿದುಳು ಬೆಳೆಯಲು ನಿಮ್ಮ ರಕ್ತದಿಂದ ಹೋಗುವ ಹಾರ್ಮೋನೇ ಗತಿ. ಹಾಗಾಗಿ ಈಗ ನಿಮಗೆ ಮಾತ್ರೆ ಬೇಡ ಅನ್ನುವುದಿರಲಿ, ಮೊದಲಿಗಿಂತ ಜಾಸ್ತಿಯೇ ಬೇಕು. ಬಹಳ ಜನರಿಗೆ ಡೋಸನ್ನು ಶೇ. 25ರಿಂದ 50ರಷ್ಟು ಏರಿಸುತ್ತಾರೆ. ನಿಮಗೆಷ್ಟು ಅನ್ನುವುದನ್ನು ಡಾಕ್ಟರ್ ಹೇಳಲಿ, ನೀವೇ ಎರಡು ನುಂಗಬೇಡಿ. ಟಿಎಸ್‌ಎಚ್ 2.5ರ ಕೆಳಗೆ ಇರಬೇಕು, ಅರ್ಧ ಬಸಿರು ದಾಟುವವರೆಗೆ ನಾಲ್ಕು ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ಹತ್ತು ದಿನಕ್ಕೇ ಅಳುತ್ತಾ ಕೂರಬೇಡಿ. ಬೇಗ ಸರಿಮಾಡಿಕೊಂಡವರ ಮಕ್ಕಳು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತಾರೆ. ಭಯಪಡಬೇಕಾದದ್ದು ತಿಂಗಳುಗಟ್ಟಲೆ ಹಾಗೇ ಬಿಟ್ಟಾಗ: ಗರ್ಭ ನಿಲ್ಲದೇ ಹೋಗಬಹುದು, ತಾಯಿಗೆ ಬಿಪಿ ಏರಬಹುದು, ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು, ಮಗುವಿನ ತೂಕ ಕಡಿಮೆಯಾಗಬಹುದು, ಅದರ ಕಲಿಕೆಗೂ ಪೆಟ್ಟು ಬೀಳಬಹುದು.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೆ ಎಡವುವುದು ಇಲ್ಲೇ. ಬಸುರಿಯರಿಗೆ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರಲ್ವಾ, ಅವನ್ನು ಇದರ ಜೊತೆ ನುಂಗಿದರೆ ಥೈರಾಕ್ಸಿನ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಇದನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ತೆಗೆದುಕೊಳ್ಳಿ. ಅದಾಗಿ ನಾಲ್ಕು ಗಂಟೆಯಾದರೂ ಬಿಟ್ಟು ಅವನ್ನು ನುಂಗಿ.

ಮಗುವಿಗೂ ಬರುತ್ತಾ ಅಂದಿರಿ. ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ಆದರೂ ಹುಟ್ಟಿದ ಕೆಲವೇ ದಿನಗಳಲ್ಲಿ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ನೋಡುವ ಪರೀಕ್ಷೆಯಿದೆ, ಅದನ್ನು ತಪ್ಪಿಸಬೇಡಿ. ಹೆರಿಗೆಯಾದ ಮೇಲೆ ಡೋಸ್ ಸಾಮಾನ್ಯವಾಗಿ ಹಳೆಯದಕ್ಕೇ ಇಳಿಯುತ್ತದೆ, ಆರು ವಾರಕ್ಕೆ ಮತ್ತೊಮ್ಮೆ ಟಿಎಸ್‌ಎಚ್ ನೋಡುತ್ತಾರೆ. ಹಾಲೂಡಿಸುವಾಗಲೂ ಈ ಮಾತ್ರೆ ನಿಲ್ಲಿಸುವಂತಿಲ್ಲ. ಅತ್ತೆಯವರಿಗೆ ಅದನ್ನೂ ಈಗಲೇ ಹೇಳಿಟ್ಟಿರಿ.