ಹಸೆಗೋಡೆಯ ಮುಂದೆ ಕೂತು ಬರೆಯಿರಿ

ಪ್ರಿಯ ಲೇಖಕರೇ,

ನಮಸ್ಕಾರ. ಮಲೆನಾಡಿನ ದೀವರು ಸಮುದಾಯದ ಗೋಡೆಚಿತ್ರ ಕಲೆಯಾದ ಹಸೆ ಚಿತ್ತಾರವನ್ನು ಆಧುನಿಕ ಕಲೆ ನುಂಗಿಹಾಕುತ್ತಿದೆ ಎಂದು ವಾದಿಸುವ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಭಾಷೆ ಶುದ್ಧವಾಗಿದೆ, ಕಾಳಜಿಯೂ ನಿಜವಾದದ್ದೇ. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಕಾರಣವನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತೇನೆ.

‘ಪರಂಪರೆ’ ಎಂಬ ಪದ ನಿಮ್ಮಲ್ಲಿ ಪುಟಪುಟಕ್ಕೂ ಬರುತ್ತದೆ, ಆದರೆ ಚಿತ್ತಾರ ಬರೆಯುವ ಒಬ್ಬ ಹೆಣ್ಣುಮಗಳೂ ಲೇಖನದೊಳಗೆ ಕಾಲಿಡುವುದಿಲ್ಲ. ಸಾಗರ, ಸೊರಬದ ಕಡೆಯ ದೀವರ ಮನೆಗಳಲ್ಲಿ ಮದುವೆಗೆ ಮುನ್ನ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ನೆನೆಸಿ ಅರೆದ ಅಕ್ಕಿಯ ಬಿಳಿ, ಕಪ್ಪಾಗುವಷ್ಟು ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಇವುಗಳಲ್ಲಿ ಪುಂಡಿ ನಾರಿನ ಕುಂಚವನ್ನು ಅದ್ದಿ, ಹಾಡು ಹೇಳಿಕೊಳ್ಳುತ್ತ ಗೆರೆ ಎಳೆಯುವವರು ಹೆಂಗಸರು. ಮದುಮಕ್ಕಳನ್ನು ಕೂರಿಸುವುದು ಆ ಗೋಡೆಯ ಮುಂದೆಯೇ. ಅಕ್ಕಿಯ ಬಿಳಿ ಹಚ್ಚಿದ ಕೂಡಲೇ ಕಾಣುವುದಿಲ್ಲ, ಮಬ್ಬಾಗಿದ್ದು ಆರುತ್ತ ಆರುತ್ತ ಮೇಲೇಳುತ್ತದೆ. ಹೀಗಾಗಿ ಬರೆಯುವವಳು ಒಂದು ಗೆರೆ ಪೂರ್ತಿ ಕಣ್ಣಿಗೆ ಬೀಳುವ ಮೊದಲೇ ಪಕ್ಕದ್ದನ್ನು ಎಳೆದಿರುತ್ತಾಳೆ. ಇಂಥ ಒಂದು ವಾಕ್ಯಕ್ಕಾಗಿ ನಿಮ್ಮ ಲೇಖನವನ್ನೆಲ್ಲ ಹುಡುಕಿದೆ.

‘ಆಧುನಿಕರು ಬೇರು ಕಡಿದುಕೊಂಡವರು’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದೀರಿ. 1886ರಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು ಮೈಸೂರಿನ ಆಸ್ಥಾನ ಚಿತ್ರಗಾರರ ಮನೆತನದವರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು, ಊಟಿಯ ನಿಸರ್ಗವನ್ನು ಜಲವರ್ಣದಲ್ಲಿ ಹಿಡಿದವರು. ನೀವು ಕಟ್ಟಿದ ಎರಡು ಪಾಳಯಗಳಲ್ಲಿ ಅವರಿಗೆ ಜಾಗ ಎಲ್ಲಿದೆ?

ತಿಕ್ಕಾಟವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅದು ಇರುವ ಜಾಗ ಬೇರೆ. ನಿಲಿ, ಏಣಿ, ಜೋಗಿ ಜಡೆ ಎಂಬ ಚಿತ್ತಾರದ ವಿನ್ಯಾಸಗಳು ಗೋಡೆಯಿಂದ ಇಳಿದು ಬಟ್ಟೆ, ಕಾಗದದ ಮೇಲೆ ಮಾರಾಟಕ್ಕೆ ಬಂದಿವೆ. ಮನೆಯ ಗೋಡೆಯ ಚಿತ್ತಾರಕ್ಕೆ ಸಹಿಯೂ ಇರಲಿಲ್ಲ, ಬೆಲೆಯೂ ಇರಲಿಲ್ಲ. ಚೌಕಟ್ಟು ಹಾಕಿದೊಡನೆ ಎರಡೂ ಬೇಕಾಗುತ್ತವೆ. ಅತ್ತೆಯಿಂದಲೋ ತಾಯಿಯಿಂದಲೋ ಕಲಿತ ವಿನ್ಯಾಸಕ್ಕೆ ಯಾರು ಸಹಿ ಹಾಕಬೇಕು? ಶಾಲೆಯಲ್ಲಿ ಕಲಿತ ಚಿತ್ರಕಾರ ಅದನ್ನೇ ತನ್ನ ಕ್ಯಾನ್ವಾಸಿಗೆ ತಂದಾಗ ‘ಕಲಾವಿದ’ ಎನಿಸಿಕೊಂಡು, ಊರಿನಲ್ಲಿ ಬರೆಯುವವಳು ‘ಜನಪದ’ ಎಂಬ ಗುಂಪಿನ ಹೆಸರಿನಲ್ಲಿ ಕರಗಿಹೋಗುವುದು ಏಕೆ? ಮಗಳು ಅಕ್ಕಿ ಅರೆಯುವುದನ್ನು ಬಿಟ್ಟು ಅಕ್ರಿಲಿಕ್ ಬಣ್ಣ ಹಿಡಿದರೆ ಅವಳನ್ನು ಪರಂಪರೆಗೆ ದ್ರೋಹ ಬಗೆದವಳೆನ್ನುವ ಹಕ್ಕು ನಮಗಿದೆಯೇ? ನನಗಂತೂ ಇಲ್ಲ ಎನಿಸುತ್ತದೆ. ನೀವು ಒಪ್ಪದಿದ್ದರೆ, ಅವಳ ಮಾತನ್ನು ಕೇಳಿಕೊಂಡು ಬಂದು ವಾದಿಸಿ.

ಭೂಮಿಯನ್ನು ಪೂಜಿಸುವ ಭೂಮಿ ಹುಣ್ಣಿಮೆಯ ಹೊತ್ತಿಗೆ ಆ ಕಡೆ ಹೋಗಿ. ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆಯುವ ದಿನಗಳವು. ಕ್ಯಾಮೆರಾ ಚೀಲದಲ್ಲೇ ಇರಲಿ, ಮೊದಲು ಪಕ್ಕದಲ್ಲಿ ಕೂತು ನೋಡಿ. ಒಪ್ಪಿಗೆ ಕೊಟ್ಟರೆ ಬರೆದವರ ಹೆಸರನ್ನು ಅವರು ಹೇಳಿದಂತೆಯೇ ಬರೆದುಕೊಳ್ಳಿ. ಹೊಸ ಲೇಖನವನ್ನು ದೀಪಾವಳಿಯ ನಂತರ ಕಳುಹಿಸಿ, ಬಂದ ವಾರದಲ್ಲೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ